ನಿನ್ನೆಯ ಫಾರ್ವರ್ಡ್ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ, ಸಲಾಂ. ಆತ್ಮಾಹುತಿ ದಾಳಿಗೆ ಶರಿಯತ್ (ಇಸ್ಲಾಮಿನ ಧರ್ಮಶಾಸ್ತ್ರ) ಒಪ್ಪಿಗೆ ಇದೆ ಅಂತ ನಿನ್ನೆ ರಾತ್ರಿ ಬಂದ ಆಡಿಯೋ ಅಳಿಸಿದ್ದೇನೆ. ಸುಮ್ನೆ ಅಳಿಸಿದರೆ ಸಾಲದು, ಕಾರಣ ಹೇಳಬೇಕು ಅಲ್ವಾ.

ನಿಮ್ಮನ್ನು ನೀವೇ ಕೊಂದುಕೊಳ್ಳಬೇಡಿ ಅಂತ ಕುರ್‌ಆನ್ 4:29 ಹೇಳುತ್ತದೆ. ಪ್ರವಾದಿಯವರ ಮಾತು, ನಡೆಗಳ ಸಂಗ್ರಹವಾದ ಬುಖಾರಿ ಹದೀಸ್‌ನಲ್ಲಿ ಒಬ್ಬನ ಕತೆ ಇದೆ. ಪ್ರವಾದಿಯವರ ಪಡೆಯಲ್ಲೇ ಎಲ್ಲರಿಗಿಂತ ಜೋರಾಗಿ ಹೋರಾಡಿದವನು, ಗಾಯದ ನೋವು ತಡೆಯಲಾರದೆ ಕತ್ತಿಯ ಹಿಡಿಯನ್ನು ನೆಲಕ್ಕೂರಿ, ಮೊನೆಯ ಮೇಲೆ ಎದೆಯಿಟ್ಟು ಬಿದ್ದು ಸತ್ತ. ಅವನು ನರಕದವನು ಅಂತ ಪ್ರವಾದಿಯವರು ಹೇಳಿದ್ದರು. ಇನ್ನು ಸಿರಿಯಾಕ್ಕೆ ಪಡೆ ಕಳಿಸುವಾಗ ಖಲೀಫ ಅಬೂಬಕರ್ ಅವರು ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಬೇಡಿ, ಹಣ್ಣಿನ ಮರ ಕಡಿಯಬೇಡಿ ಎಂದಿದ್ದರು. ಯುದ್ಧದಲ್ಲೇ ಮರಕ್ಕೆ ಇಷ್ಟು ರಕ್ಷಣೆ ಇದ್ದರೆ, ಸಂತೆಯಲ್ಲಿ ನಿಂತವರನ್ನು ಕೊಲ್ಲಬಹುದಾ ಅಂತ ಕೇಳಬೇಕೇ?

ಪ್ಯಾಲೆಸ್ಟೀನ್ ವಿಷಯದಲ್ಲಿ ಯೂಸುಫ್ ಅಲ್ ಕರ್ದಾವಿಯಂಥ ಧರ್ಮ ವಿದ್ವಾಂಸರು ಆತ್ಮಾಹುತಿ ದಾಳಿಗೆ ವಿನಾಯಿತಿ ಕೊಟ್ಟಿದ್ದು ನಿಜ, ಮುಚ್ಚಿಡುವುದಿಲ್ಲ. ಆದರೆ ಸೌದಿಯ ಮಹಾ ಮುಫ್ತಿ (ಅಲ್ಲಿನ ಅತ್ಯುನ್ನತ ಧರ್ಮಗುರು) 2001ರಲ್ಲೇ ಇದಕ್ಕೆ ಶರಿಯತ್‌ನಲ್ಲಿ ಆಧಾರ ಇಲ್ಲ ಎಂದಿದ್ದರು. ನಮ್ಮ ದೇವಬಂದ್ ಮದರಸಾ 2008ರಲ್ಲಿ ಭಯೋತ್ಪಾದನೆ ವಿರುದ್ಧ ಫತ್ವಾ (ಧಾರ್ಮಿಕ ತೀರ್ಪು) ಕೊಟ್ಟಿತು. ಪಾಕಿಸ್ತಾನದಲ್ಲಿ 2018ರಲ್ಲಿ 1,800ಕ್ಕೂ ಜಾಸ್ತಿ ಉಲೇಮಾಗಳು (ಧರ್ಮ ಪಂಡಿತರು) ಆತ್ಮಾಹುತಿ ದಾಳಿ ಹರಾಮ್, ಅಂದರೆ ನಿಷಿದ್ಧ ಅಂದರು.

ನನಗೆ ಮರೆಯಲಾಗದ್ದು ಮುಂಬೈ. 2008ರ ನವೆಂಬರ್ 26ರ ದಾಳಿಯಲ್ಲಿ ಸತ್ತ ಒಂಬತ್ತು ದಾಳಿಕೋರರಿಗೆ ಬಡಾ ಕಬರಸ್ತಾನದಲ್ಲಿ ಜಾಗ ಕೊಡಲ್ಲ ಅಂತ ಅಲ್ಲಿನ ಮುಸ್ಲಿಂ ಟ್ರಸ್ಟ್‌ನವರೇ ಹೇಳಿಬಿಟ್ಟರು. ಹೆಣಗಳು ಒಂದು ವರ್ಷಕ್ಕೂ ಜಾಸ್ತಿ ಜೆಜೆ ಆಸ್ಪತ್ರೆಯ ಶವಾಗಾರದಲ್ಲೇ ಬಿದ್ದಿದ್ದವು.

ಇಂಥ ಆಡಿಯೋ ಬಂದರೆ ಮೊದಲು ನನಗೆ ಕಳಿಸಿ, ಗುಂಪಿಗೆ ಹಾಕಬೇಡಿ.