ಭಾನುವಾರ ಮಕ್ಕಳಿಗೆ ಪಾಸೋವರ್ ಕಾರ್ಟೂನ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4 ಗಂಟೆಗೆ ನಮ್ಮ ಮನೆಯಲ್ಲಿ ‘ರಗ್‌ರಾಟ್ಸ್’ ಕಾರ್ಟೂನ್ ಸರಣಿಯ ಪಾಸೋವರ್ (ಯಹೂದಿಗಳ ಹಬ್ಬ) ಕಂತು ನೋಡೋಣ. 1995ರ ಏಪ್ರಿಲ್‌ನಲ್ಲಿ ನಿಕೆಲೋಡಿಯನ್ ಟಿವಿ ಚಾನೆಲ್‌ನಲ್ಲಿ ಬಂದದ್ದು, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹಬ್ಬದ ದಿನ ಅಟ್ಟದಲ್ಲಿ ಸಿಕ್ಕಿಕೊಂಡ ಮಕ್ಕಳಿಗೆ ಅಜ್ಜ ಬೋರಿಸ್, ಈಜಿಪ್ಟಿನ ಗುಲಾಮಗಿರಿಯಿಂದ ತಮ್ಮ ಪೂರ್ವಜರು ಬಿಡುಗಡೆಯಾದ ಕಥೆ ಹೇಳುತ್ತಾನೆ. ಆ ಕಥೆಯಲ್ಲಿ ಪುಟ್ಟ ಟಾಮಿಯೇ ಜನರನ್ನು ಬಿಡಿಸುವ ನಾಯಕ ಮೋಶೆ, ದರ್ಪದ ಆಂಜೆಲಿಕಾಳೇ ಈಜಿಪ್ಟಿನ ದೊರೆ ಫರೋಹ! ಇಷ್ಟು ಭಾರವಾದ ಕಥೆಯನ್ನು ಮಕ್ಕಳ ಮಟ್ಟಕ್ಕೆ ಇಳಿಸಿದ ರೀತಿ ನನಗೆ ಬಹಳ ಇಷ್ಟ. ದೇವರು ಈಜಿಪ್ಟಿಗೆ ಕಳಿಸುವ ಹತ್ತು ಪಿಡುಗುಗಳಲ್ಲಿ ಕೊನೆಯದಾದ, ಚೊಚ್ಚಲ ಮಕ್ಕಳನ್ನು ಬಲಿ ತೆಗೆದುಕೊಳ್ಳುವ ಪಿಡುಗಿನ ಪ್ರಸ್ತಾಪವಿದೆ. ಚಿಕ್ಕವರ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲಿ.

ನೆರೆಮನೆಯ ಯಹೂದಿ ಕುಟುಂಬದ ಮಕ್ಕಳೂ ಬರುತ್ತಾರೆ. ಪಾಸೋವರ್ ಹಬ್ಬದ ದಿನಗಳಲ್ಲಿ ಅವರು ಹುದುಗು ಬಂದ ಹಿಟ್ಟಿನದ್ದನ್ನು ಮುಟ್ಟುವುದಿಲ್ಲ, ಆದ್ದರಿಂದ ಬ್ರೆಡ್, ಕೇಕ್, ಬಿಸ್ಕತ್ತು ಬೇಡ. ಹಣ್ಣು ಮಾತ್ರ ತನ್ನಿ. ಅವರು ಕೊಟ್ಟ ಮಟ್ಸಾ ಇದೆ: ಸಾಲುಸಾಲು ತೂತುಗಳ, ಮುರಿದರೆ ಹಪ್ಪಳದಂತೆ ಚಟಕ್ಕೆನ್ನುವ, ಹುದುಗಿಲ್ಲದ ರೊಟ್ಟಿ. ಹುದುಗು ಬಾರದಂತೆ, ಹಿಟ್ಟಿಗೆ ನೀರು ತಾಗಿದ 18 ನಿಮಿಷದೊಳಗೆ ಬೆಂದಿರಬೇಕಂತೆ.

ಊರಿನಿಂದ ಅಜ್ಜ, ಅಜ್ಜಿ ಬಂದಿದ್ದರೆ ದಯವಿಟ್ಟು ಕರೆತನ್ನಿ. ಪಾಸೋವರ್ ಊಟದಲ್ಲಿ ಮನೆಯ ಅತಿ ಕಿರಿಯ ಮಗು ಪ್ರಶ್ನೆ ಕೇಳುತ್ತದೆ, ಹಿರಿಯರು ಕಥೆ ಹೇಳುತ್ತಾರೆ. ನಮ್ಮ ಮಕ್ಕಳೂ ಕೇಳಲಿ. ಎಷ್ಟು ಜನ ಬರುತ್ತೀರೆಂದು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿ.