ಲೈನ್ ಕೆಟ್ಟಿದೆ ಎಂದ ರಾತ್ರಿ

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಪತ್ರೊಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಸ್ ಹಿಡಿದೆಯಲ್ಲ, ಆ ತಟ್ಟೆ ತೊಳೆಯಲು ನನಗೆ ಸಂಜೆಯವರೆಗೂ ಕೈ ಬರಲಿಲ್ಲ. ಫೋನ್ ಮಾಡೋಣವೆಂದರೆ ದಿನವೆಲ್ಲ ಊರವರ ಗೋಳು ಕೇಳಿದ ಕಿವಿ ನಿನ್ನದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಗೆ ರೇಗಬಾರದಿತ್ತು. ಕರೆಂಟು ಹೋದಾಗಲೆಲ್ಲ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿ, ದೂರು ಹೇಳುವ ಮೊದಲು 'ನಿಮ್ಮಲ್ಲಿ ಕರೆಂಟು ಇದೆಯಾ ಮಗಳೇ, ಊಟವಾಯಿತಾ' ಎಂದು ವಿಚಾರಿಸುವ ಅಜ್ಜಿಯನ್ನು ನೀನು ಅಭಿನಯಿಸಿ ತೋರಿಸಿದಾಗ ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಒಂದೇ ರಾತ್ರಿಗೆ ಒಂಬತ್ತು ಸಲ! ಆಮೇಲೆ ನೀನು, 'ಇನ್ನು ಮೇಲೆ ಲೈನ್‌ಮನ್ ಹೊರಟಾಯಿತು ಎಂದು ಸುಳ್ಳು ಹೇಳಿ ಇಟ್ಟುಬಿಡುತ್ತೇನೆ' ಎಂದೆ. ನನಗೆ ನಲವತ್ತೇಳು ನೆನಪಾಯಿತು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗಿನ ನಲವತ್ತೇಳು ನಂಬರಿನ ಮೇಷ್ಟರ ಕಥೆ ನಿನಗೆ ಗೊತ್ತು. ಆರ್ಡಿನರಿ ಕಾಲ್ ಬುಕ್ ಮಾಡಿ, ಎಂಟು ಪಟ್ಟು ದರದ ಲೈಟ್ನಿಂಗ್ ಕಾಲಿನಷ್ಟು ಬೇಗ ಕೊಡಿಸಮ್ಮ ಎಂದು ಗೋಗರೆಯುತ್ತಿದ್ದ ಅಡಿಕೆ ಮಂಡಿಯವರ ಕಥೆಯ ಜೊತೆಗೇ ಅದನ್ನೂ ಹೇಳುತ್ತಿದ್ದೆ. ಆದರೆ ಅರ್ಧ ಮಾತ್ರ ಹೇಳಿದ್ದೇನೆ.

ನಮ್ಮೂರಿನಿಂದ ಬೊಂಬಾಯಿಗೆ ಮಾತನಾಡಬೇಕೆಂದರೆ ಮೊದಲು ಶಿವಮೊಗ್ಗದ ಆಪರೇಟರ್ ಸಿಗಬೇಕು, ಆಮೇಲೆ ಬೆಂಗಳೂರು, ಆಮೇಲೆ ಬೊಂಬಾಯಿ. ಸಂಜೆ ಆರಕ್ಕೆ ಬುಕ್ ಮಾಡಿದ್ದು ರಾತ್ರಿ ಹತ್ತಕ್ಕೆ ಸಿಕ್ಕರೆ ಪುಣ್ಯ. ಮೇಷ್ಟರು ತಿಂಗಳಿಗೊಮ್ಮೆ ಮಗನಿಗೆ ಕಾಲ್ ಬುಕ್ ಮಾಡುತ್ತಿದ್ದರು, ಮಾಡಿದ ಮೇಲೆ ಹದಿನೈದು ನಿಮಿಷಕ್ಕೊಮ್ಮೆ ನಮಗೆ ಫೋನು. ಒಮ್ಮೆಯೂ ನೇರವಾಗಿ ಕೇಳಿದವರಲ್ಲ. 'ನಿಮ್ಮ ಕಡೆ ಮಳೆ ಹೇಗಿದೆ?' ಎನ್ನುತ್ತಿದ್ದರು. ಅವರ ಮನೆಗೂ ಎಕ್ಸ್‌ಚೇಂಜಿಗೂ ನಡುವೆ ಇದ್ದದ್ದು ಒಂದು ಕೆರೆ ಏರಿ! ಇನ್ನೊಮ್ಮೆ 'ಗಡಿಯಾರ ನಿಂತಿದೆ, ಗಂಟೆ ಎಷ್ಟು?' ಮತ್ತೊಮ್ಮೆ ನಾನು 'ನಂಬರ್ ಪ್ಲೀಸ್' ಎಂದ ಉಚ್ಚಾರಕ್ಕೆ ತಿದ್ದುಪಡಿ. ಕೊನೆಗೆ ಗಂಟಲು ಸರಿಪಡಿಸಿಕೊಂಡು, 'ಹಾಗೆಯೇ... ಬೊಂಬಾಯಿ?' ಈ ಸಲ ಯಾವುದರಿಂದ ಶುರುಮಾಡುತ್ತಾರೆ ಎಂದು ನಾನೂ ಜೊತೆಯವಳೂ ಬೋಂಡಾ ಪಣವಿಡುತ್ತಿದ್ದೆವು.

1986ರ ಆಷಾಢದ ಒಂದು ರಾತ್ರಿ ಜೊತೆಯವಳು ರಜೆ, ಬೋರ್ಡಿನಲ್ಲಿ ನಾನೊಬ್ಬಳೇ. ಮೇಷ್ಟರದು ಏಳನೆಯ ಫೋನು. 'ನಿಮ್ಮ ಕಡೆ ಮಳೆ...' ಎನ್ನುವಷ್ಟರಲ್ಲಿ, 'ಬೊಂಬಾಯಿ ಲೈನ್ ಕೆಟ್ಟಿದೆ ಸಾರ್, ಮರ ಬಿದ್ದಿದೆ' ಎಂದುಬಿಟ್ಟೆ. ಮಳೆಗಾಲದಲ್ಲಿ ಯಾರೂ ಅನುಮಾನಿಸದ ಸುಳ್ಳು. ಅರ್ಧ ಗಂಟೆ ಎಷ್ಟು ನೆಮ್ಮದಿಯಾಗಿತ್ತು ಗೊತ್ತೇ? ಆಗ ಶಿವಮೊಗ್ಗ ಕರೆಯಿತು: ಬೊಂಬಾಯಿ ಸಿಕ್ಕಿದೆ, ಪಾರ್ಟಿ ಲೈನಿನಲ್ಲಿದ್ದಾರೆ. ನಲವತ್ತೇಳಕ್ಕೆ ಪ್ಲಗ್ ಹಾಕಿ ರಿಂಗ್ ಮಾಡಿದೆ. ಮಾಡಿದೆ, ಮಾಡಿದೆ. ಅವರ ಹೆಂಡತಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆ ಕಡೆ ಮಗ 'ಅಪ್ಪಾ, ಅಪ್ಪಾ' ಎನ್ನುತ್ತಿದ್ದ. ಕೊನೆಗೆ ಉತ್ತರವಿಲ್ಲ ಎಂದು ಬರೆದು ಪ್ಲಗ್ ಕಿತ್ತೆ. ಹಿಂದೆಯೇ ವಾಚ್‌ಮನ್ ಬಂದು ಹೇಳಿದ: 'ಮೇಡಂ, ಯಾರೋ ವಯಸ್ಸಾದವರು ಆಗಿನಿಂದ ಜಗಲಿಯಲ್ಲಿ ನಿಂತಿದ್ದಾರೆ. ಲೈನ್ ಸರಿಹೋಯಿತಾ ಎಂದು ಕೇಳುತ್ತಿದ್ದಾರೆ.'

ಹೊರಗೆ ಹೋದೆ. ಪಂಚೆ ಮೊಣಕಾಲವರೆಗೆ ನೆನೆದಿತ್ತು, ಕೊಡೆ ಮಡಚಿ ಹಿಡಿದಿದ್ದರು. 'ನಿಮಗೆ ಪದೇ ಪದೇ ಫೋನ್ ಮಾಡಿ ತೊಂದರೆ ಕೊಡುವುದು ಬೇಡವೆಂದು ನಾನೇ ಬಂದೆ ತಂಗಿ' ಎಂದರು. ನಾನು ನಿಜ ಹೇಳಲಿಲ್ಲ. 'ಇನ್ನೂ ಇಲ್ಲ ಸಾರ್' ಎಂದೆ. ನಿನ್ನ ಅಪ್ಪನಿಗೂ ಇದನ್ನು ಹೇಳಿಲ್ಲ. ಜಗಲಿಯ ದೀಪದಡಿ ಆ ಕೊಡೆಯಿಂದ ನೀರು ತೊಟ್ಟಿಕ್ಕುತ್ತಿದ್ದುದು ಈಗಲೂ ಕಾಣುತ್ತದೆ. ಜನ ತಾವೇ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಬಂತು, ಬೋರ್ಡು ಕಳಚಿದರು, ನಾನು ನಿವೃತ್ತಳೂ ಆದೆ. ಕೊಡೆ ಮಾತ್ರ ಹೋಗಿಲ್ಲ.

ಮಾರನೆಯ ಸಂಜೆ ಬೋರ್ಡಿನಲ್ಲಿ, ಫೋನ್ ಬಂದಿದೆ ಎಂದು ತೋರಿಸುವ ನಲವತ್ತೇಳರ ಮುಚ್ಚಳ ಬಿತ್ತು. 'ನಿಮ್ಮ ಕಡೆ ಮಳೆ ಹೇಗಿದೆ?' ಅಂದು ರಾತ್ರಿ ಹತ್ತೂವರೆಗೆ ಬೊಂಬಾಯಿ ಸಿಕ್ಕಿತು. ಮೂರು ನಿಮಿಷವಾಯಿತೆಂದು ನಡುವೆ ಹೇಳಬೇಕಾದವಳು ನಾನು, ಹೇಳಲು ಬಾಯಿ ಬರಲಿಲ್ಲ.

ಅಜ್ಜಿಗೆ ಇರುವುದನ್ನು ಇದ್ದಂತೆಯೇ ಹೇಳು. ಇನ್ನೂ ಎರಡು ಗಂಟೆಯಾಗುತ್ತದೆ ಎಂದರೆ ಅವರು ಮೇಣದ ಬತ್ತಿ ಹುಡುಕಿಕೊಳ್ಳುತ್ತಾರೆ. ಹೊರಟಾಯಿತು ಎಂದರೆ ಕತ್ತಲಲ್ಲೇ ಬಾಗಿಲಿಗೆ ಬಂದು ಕಾಯುತ್ತಾರೆ. ಬೈಯುವವರು ಬೈಯಲಿ, ಮೈಕ್ ಮುಚ್ಚಿ ಒಂದು ಗುಟುಕು ಬಿಸಿನೀರು ಕುಡಿ. ಪಾಳಿ ಮುಗಿದ ಕೂಡಲೇ ಮತ್ತೆ ಮೊಬೈಲ್ ಕಿವಿಗೆ ಹಚ್ಚಬೇಡ. ರಾತ್ರಿ ಮೊಸರನ್ನ ಬಿಡಬೇಡ. ನೋಡು, ಉಪದೇಶ ಮಾಡಬಾರದೆಂದು ಕುಳಿತವಳು ಶುರುಮಾಡಿದೆ. ನಿನ್ನ ಧ್ವನಿ ಕೇಳಿ ಒಬ್ಬರು ಒಂಬತ್ತು ಸಲ ಫೋನ್ ಮಾಡುತ್ತಾರೆಂದರೆ ನನಗೆ ಎಷ್ಟು ಹೆಮ್ಮೆ ಎಂಬುದನ್ನು ಭಾನುವಾರವೇ ಹೇಳಬೇಕಿತ್ತು.

ಕೆಸುವಿನ ಎಲೆ ಹಿತ್ತಲಲ್ಲಿ ಇನ್ನೂ ಇದೆ. ಮುಂದಿನ ವಾರ ಬರುವೆಯಾದರೆ ಶುಕ್ರವಾರವೇ ತಿಳಿಸು, ಅಕ್ಕಿ ನೆನೆಹಾಕುತ್ತೇನೆ. ಟಿವಿಯಲ್ಲಿ ನಿಮ್ಮ ಕಡೆ ಗಾಳಿ ಮಳೆ ಎಂದು ತೋರಿಸಿದರು. ಅಜ್ಜಿ ಈ ವಾರ ಫೋನ್ ಮಾಡಿದರೇ?

ನಿನ್ನ
ಅಮ್ಮ