ಈಜುಕೊಳದ ಗ್ಯಾಲರಿಯಲ್ಲಿ ಸಿಕ್ಕ ಅಕ್ಕನಿಗೆ

ಬಸವನಗುಡಿ ಈಜುಕೊಳದ ಗ್ಯಾಲರಿಯಲ್ಲಿ ಮಕ್ಕಳ ಈಜು ಸ್ಪರ್ಧೆಗೆ ಏನೇನು ತರಬೇಕೆಂದು ತಮ್ಮ ಬ್ಯಾಗ್ ಬಿಚ್ಚಿ ಹೊಸ ಪೋಷಕರಿಗೆಲ್ಲ ತೋರಿಸಿ, ಹೆಸರೂ ಹೇಳದೆ ಹೊರಟ ಅಕ್ಕನಿಗೆ ನಮ್ಮೆಲ್ಲರ ಧನ್ಯವಾದ.

ಹೆಚ್ಚು ಉಪಯೋಗಕ್ಕೆ ಬಂದದ್ದು ನಿಮ್ಮ ಗಾಗಲ್ಸ್ ಪಾಠ. ಎರಡು ಜೊತೆ ಬೇಕು, ಎರಡರ ಪಟ್ಟಿಯೂ ಮೊದಲೇ ಅಳತೆಗೆ ಬಿಗಿದಿರಬೇಕು. ಹೊಚ್ಚಹೊಸದನ್ನು ಸ್ಪರ್ಧೆಯ ದಿನವೇ ಹಾಕಿದರೆ ಡೈವ್ ಹೊಡೆದ ಕೂಡಲೇ ನೀರು ನುಗ್ಗಬಹುದು. ಮಂಜು ಕಟ್ಟಿತೆಂದು ಒಳಗಡೆ ಬೆರಳಿನಿಂದ ಉಜ್ಜಿದರೆ ಲೇಪನವೇ ಹೋಗುತ್ತದೆ. ನೀರಲ್ಲಿ ಅದ್ದಿ ತೆಗೆದರೆ ಸಾಕು. ಟೋಪಿಯೂ ಎರಡು, ಉಗುರು ತಾಗಿದರೆ ಹರಿಯುತ್ತದಲ್ಲ!

ಟವೆಲ್ ವಾರ್ಮ್‌ಅಪ್‌ಗೆ ಒಂದು, ರೇಸ್ ನಂತರಕ್ಕೆ ಇನ್ನೊಂದು. ಒದ್ದೆಯದಕ್ಕೆ ಬೇರೆ ಪ್ಲಾಸ್ಟಿಕ್ ಕವರ್ ಇಲ್ಲದಿದ್ದರೆ ಸ್ವೆಟರ್, ಕಾಲುಚೀಲ ಎಲ್ಲ ತೊಯ್ದು, ಬೆಂಗಳೂರಿನ ಬೆಳಗಿನ ಚಳಿಗೆ ಮಕ್ಕಳ ಮೈ ಬಿಗಿದುಕೊಳ್ಳುತ್ತದೆ. ವಯಸ್ಸಿನ ದಾಖಲೆ ಬದಿಯ ಜಿಪ್‌ನಲ್ಲಿ. ಹೀಟ್ (ಎಷ್ಟನೇ ಗುಂಪಿನಲ್ಲಿ ಈಜಬೇಕು ಎಂಬುದು), ಲೇನ್ ಸಂಖ್ಯೆ ತೋಳಿನ ಮೇಲೆ ಬರೆಯಲು ಮಾರ್ಕರ್ ಪೆನ್ನು. ಸನ್‌ಸ್ಕ್ರೀನ್ ಹಚ್ಚುವ ಮೊದಲೇ ಬರೆಯಬೇಕು, ಆಮೇಲೆ ಶಾಯಿ ಹಿಡಿಯುವುದಿಲ್ಲ.

ರೇಸುಗಳ ನಡುವೆ ಬಾಳೆಹಣ್ಣು, ಇಡ್ಲಿ. ಮಸಾಲೆದೋಸೆ ಏನಿದ್ದರೂ ಕೊನೆಯ ರೇಸ್ ಮುಗಿದ ಮೇಲೆ (ಮಕ್ಕಳನ್ನು ಒಪ್ಪಿಸುವುದೇ ಕಷ್ಟ).

ಮುಂದಿನ ಸ್ಪರ್ಧೆಯಲ್ಲಿ ಕಂಡರೆ ನಿಲ್ಲಿ ಅಕ್ಕ, ಕಾಫಿ ನಮ್ಮದು.